ಬದಲಾದದ್ದು ಪರದೆಗೆ ಗೊತ್ತಾಯಿತೇ?

(ವೆಬ್ ಕೆಲಸಕ್ಕೆ ಇಳಿದಿರುವ ಕನ್ನಡದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ನೇರವಾಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಕಟ್ಟಿದ ಪರದೆ ಮೊದಲ ಸಲ ತೆರೆದಾಗ ಸರಿಯಾಗಿಯೇ ಕಾಣುತ್ತದೆ. ಒಪ್ಪಿದೆ. ಅದೇ ಪರದೆಯ ಕೈಗೆ ಹೊಸ ವಿಷಯ ಕೊಟ್ಟಾಗ? ಆಗಲೂ ಸರಿಯಾಗಿ ಕಾಣುತ್ತದೆಯೇ? ನೋಡಿದ್ದೀರಾ? ಅದಕ್ಕೊಂದು ಟೆಸ್ಟ್ ಬರೆದಿದ್ದೀರಾ? "ಟೆಸ್ಟ್ ಎಲ್ಲಾ ಹಸಿರಾಗಿದೆ ಸಾರ್" ಎಂದು ಸುಲಭವಾಗಿ ಹೇಳಿಬಿಡುತ್ತೀರಿ. ಆ ಹಸಿರಿನ ಹಿಂದೆ ಏನಿದೆ ಎಂದು ಇವತ್ತು ಸ್ವಲ್ಪ ಕೆದಕೋಣ.

ವಿದ್ಯುತ್ ಬಿಲ್ ಕಟ್ಟುವ ಒಂದು ಕೌಂಟರ್ ಅಂದುಕೊಳ್ಳಿ. ಹಿಟ್ಟಿನ ಗಿರಣಿಯ ಯಜಮಾನರು ೪,೮೧೦ ರೂಪಾಯಿ ಕಟ್ಟಿ ಹೊರಟರು. ಅವರ ಹಿಂದೆ ಒಬ್ಬ ಅಜ್ಜಿ. ಅವರ ಬಿಲ್ಲು ೩೧೨ ರೂಪಾಯಿ. ಕೌಂಟರಿನ ಹುಡುಗ ಅಜ್ಜಿಯ ಆರ್.ಆರ್. ನಂಬರ್ ಒತ್ತಿದ. ಪರದೆಯ ಮೇಲೆ ಹೆಸರು ಬದಲಾಯಿತು, ವಿಳಾಸ ಬದಲಾಯಿತು. "ಕಟ್ಟುವ ಮೊತ್ತ" ಎಂಬ ಚೌಕದಲ್ಲಿ ಮಾತ್ರ ೪,೮೧೦ ಹಾಗೆಯೇ ಕುಳಿತಿದೆ!

"ಏನಪ್ಪಾ, ನಮ್ಮನೇಲಿ ಇರೋದೇ ಎರಡು ಬಲ್ಬು. ಇಷ್ಟೊಂದು ಬರುತ್ತಾ?"

"ಕಂಪ್ಯೂಟರೇ ತೋರಿಸ್ತಿದೆ ಅಜ್ಜಿ, ನಾನೇನ್ ಮಾಡ್ಲಿ?"

ಹುಡುಗನ ತಪ್ಪೇ? ಅಲ್ಲ. ಕಂಪ್ಯೂಟರ್ ತಾನಾಗಿ ಸುಳ್ಳು ಹೇಳಿತೇ? ಅದೂ ಅಲ್ಲ. ಎಲ್ಲೋ ಕುಳಿತು ಆ ಚೌಕ ಬರೆದ ನಿಮ್ಮಂಥ ಒಬ್ಬರು, ಹೊಸ ಗ್ರಾಹಕರು ಬಂದಾಗ ಈ ಚೌಕ ಏನು ಮಾಡಬೇಕು ಎಂದು ಯಾರಿಗೂ ಹೇಳಿರಲಿಲ್ಲ. ಪರೀಕ್ಷಿಸಿಯೂ ಇರಲಿಲ್ಲ. ಕೌಂಟರ್ ನನ್ನ ಕಲ್ಪನೆ. ಈ ಬಗೆಯ ದೋಷ ಮಾತ್ರ ದಿನನಿತ್ಯದ್ದು.

ರೋಗದ ಮೂಲ

ಹೊಸಬರಿಗಾಗಿ ಎರಡು ಮಾತು. ಈಗಿನ ವೆಬ್ ಪರದೆಯನ್ನು ಕಾಂಪೊನೆಂಟ್ ಎಂಬ ಬಿಡಿಭಾಗಗಳಿಂದ ಕಟ್ಟುತ್ತೇವೆ. ಫೇಸ್‌ಬುಕ್ ೨೦೧೩ರಲ್ಲಿ ಹೊರಗಿಟ್ಟ ರಿಯಾಕ್ಟ್ ಇರಲಿ, ಇವಾನ್ ಯು ೨೦೧೪ರಲ್ಲಿ ಬಿಡುಗಡೆ ಮಾಡಿದ ವ್ಯೂ ಇರಲಿ, ಏರ್ಪಾಡು ಒಂದೇ. ಮೇಲಿನ ಕಾಂಪೊನೆಂಟ್ ಕೆಳಗಿನದಕ್ಕೆ ವಿಷಯ ಕೊಡುತ್ತದೆ. ಹಾಗೆ ಕೊಟ್ಟದ್ದಕ್ಕೆ ಪ್ರಾಪ್ಸ್ ಎಂದು ಹೆಸರು. ಕೆಳಗಿನದು ತನ್ನದೇ ಆಗಿ ನೆನಪಿಟ್ಟುಕೊಳ್ಳುವುದಕ್ಕೆ ಸ್ಟೇಟ್ ಎಂದು ಹೆಸರು. ಮೇಲಿನಿಂದ ಬಂದದ್ದನ್ನು ಹಾಗೆಯೇ ತೋರಿಸುವ ಕಾಂಪೊನೆಂಟ್ ಪ್ರಾಪ್ ಬದಲಾದಾಗ ತಾನೂ ಬದಲಾಗುತ್ತದೆ. ಅಲ್ಲಿ ಜಗಳವೇ ಇಲ್ಲ.

ಜಗಳ ಶುರುವಾಗುವುದು ಮೇಲಿನಿಂದ ಬಂದದ್ದನ್ನು ಕೆಳಗಿನದು ತನ್ನ ಜೇಬಿಗೆ ನಕಲು ಮಾಡಿಕೊಂಡಾಗ. ಅಜ್ಜಿಯ ಬಿಲ್ಲನ್ನೇ ನೋಡಿ. ಜನ ಪೂರ್ತಿ ಹಣ ಕಟ್ಟದೆ ಒಂದಿಷ್ಟು ಕಟ್ಟಬಹುದು. ಹಾಗಾಗಿ ಆ ಚೌಕವನ್ನು ತಿದ್ದುವಂತಿರಬೇಕು. ತಿದ್ದುವಂತಿರಬೇಕು ಅಂದರೆ ಸ್ಟೇಟ್ ಬೇಕು. ಸರಿ, ಬಿಲ್ಲಿನ ಮೊತ್ತವನ್ನು ಯೂಸ್‌ಸ್ಟೇಟ್‌ಗೆ ಮೊದಲ ಮೌಲ್ಯವಾಗಿ ಕೊಟ್ಟರು. ಆ ಮೊದಲ ಮೌಲ್ಯವನ್ನು ರಿಯಾಕ್ಟ್ ಓದುವುದು ಕಾಂಪೊನೆಂಟ್ ಹುಟ್ಟುವಾಗ ಒಂದೇ ಸಲ! ಆಮೇಲೆ ನೀವು ಎಷ್ಟು ಹೊಸ ಬಿಲ್ಲು ಕಳಿಸಿದರೂ ಆ ಕಡೆ ತಿರುಗಿಯೂ ನೋಡುವುದಿಲ್ಲ. ಗಿರಣಿಯ ಲೆಕ್ಕ ಅಜ್ಜಿಯ ಹೆಸರಿನ ಕೆಳಗೆ ಉಳಿದದ್ದು ಹೀಗೆ.

ಇದು ನಿನ್ನೆ ಮೊನ್ನೆಯ ಗೊಂದಲವೂ ಅಲ್ಲ. ರಿಯಾಕ್ಟ್ ಕಟ್ಟಿದವರೇ ಹೊಸ ಪ್ರಾಪ್ ಬಂದಾಗ ಕರೆಯುವ ಹಳೆಯ ವಿಧಾನ ತಪ್ಪುಗಳಿಗೆ ದಾರಿ ಮಾಡುತ್ತಿದೆ ಎಂದು ೨೦೧೮ರ ೧೬.೩ನೆಯ ಆವೃತ್ತಿಯಿಂದ ಅದನ್ನು ಬಿಡಿಸಲು ಹೊರಟರು. ಅದೇ ವರ್ಷ, ಪ್ರಾಪ್‌ನಿಂದ ಸ್ಟೇಟ್‌ಗೆ ನಕಲು ಮಾಡುವ ಚಟವನ್ನೇ ಬಿಡಿ ಎಂದು ಬಿಡಿಸಿ ಬರೆದರು. ೨೦೧೯ರಲ್ಲಿ ಹುಕ್ಸ್ ಬಂದವು. ಚಟ ಹೋಯಿತೇ? ಬಟ್ಟೆ ಬದಲಿಸಿಕೊಂಡು ಅಲ್ಲೇ ಕುಳಿತಿದೆ.

ಸುಳ್ಳು ಹಸಿರು!

ಈಗ ಟೆಸ್ಟಿಗೆ ಬನ್ನಿ. ಸಾಮಾನ್ಯವಾಗಿ ಹೇಗೆ ಬರೆಯುತ್ತೀರಿ? ಒಂದು ಟೆಸ್ಟಿನಲ್ಲಿ ಗಿರಣಿಯ ಬಿಲ್ಲು ಕೊಟ್ಟು ರೆಂಡರ್ ಮಾಡುತ್ತೀರಿ. ೪,೮೧೦ ಕಂಡಿತು, ಹಸಿರು. ಇನ್ನೊಂದು ಟೆಸ್ಟಿನಲ್ಲಿ ಅಜ್ಜಿಯ ಬಿಲ್ಲು ಕೊಟ್ಟು ರೆಂಡರ್ ಮಾಡುತ್ತೀರಿ. ೩೧೨ ಕಂಡಿತು, ಹಸಿರು. ಕೋಡಿನ ಪ್ರತಿ ಸಾಲೂ ಓಡಿತು. ಕವರೇಜ್ ನೂರಕ್ಕೆ ನೂರು. ಮ್ಯಾನೇಜರಿಗೆ ಸಂತೋಷ. ಅಜ್ಜಿಗೆ ಮಾತ್ರ ೪,೮೧೦!

ಯಾಕೆಂದರೆ ಎರಡು ಟೆಸ್ಟಿನಲ್ಲೂ ಕಾಂಪೊನೆಂಟ್ ಹೊಸದಾಗಿ ಹುಟ್ಟಿದೆ. ಹುಟ್ಟಿದ ಮೇಲೆ ಬದಲಾಗುವುದು ಎಂಬ ಸಂಗತಿ ಟೆಸ್ಟಿನೊಳಗೆ ನಡೆದೇ ಇಲ್ಲ. ಕವರೇಜ್ ಎಣಿಸುವುದು ಯಾವ ಸಾಲು ಓಡಿತು ಎಂದು. ಯಾವುದಾದ ಮೇಲೆ ಯಾವುದು ಓಡಿತು ಎಂಬುದು ಅದಕ್ಕೆ ಬೇಕಿಲ್ಲ.

ಹಾಗಾದರೆ ಸರಿಯಾದ ದಾರಿ? ಒಂದೇ ಟೆಸ್ಟು. ಗಿರಣಿಯ ಬಿಲ್ಲಿನೊಂದಿಗೆ ರೆಂಡರ್ ಮಾಡಿ. ೪,೮೧೦ ಇದೆಯೇ ನೋಡಿ. ಇದನ್ನು ಬಿಟ್ಟರೆ ಮುಂದಿನದಕ್ಕೆ ಬೆಲೆಯಿಲ್ಲ, ಮೊದಲು ಏನಿತ್ತು ಎಂದೇ ಗೊತ್ತಿಲ್ಲದೆ ಬದಲಾಯಿತು ಎನ್ನುವುದು ಹೇಗೆ? ಆಮೇಲೆ, ಬದುಕಿರುವ ಅದೇ ಕಾಂಪೊನೆಂಟಿಗೆ ಅಜ್ಜಿಯ ಬಿಲ್ಲು ಕೊಡಿ. ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿಯಲ್ಲಿ ರೆಂಡರ್ ಮಾಡಿದಾಗ ರೀರೆಂಡರ್ ಎಂಬ ಕೈಹಿಡಿ ನಿಮಗೆ ಸಿಗುತ್ತದೆ. ಅದು ಇರುವುದೇ ಇದಕ್ಕೆ. ಈಗ ೩೧೨ ಇದೆಯೇ ನೋಡಿ. ೪,೮೧೦ ಹೋಗಿದೆಯೇ ಅದನ್ನೂ ನೋಡಿ.

ಎಚ್ಚರ! ರೀರೆಂಡರ್ ಬದಲು ಅದೇ ಟೆಸ್ಟಿನಲ್ಲಿ ಎರಡನೆಯ ಸಲ ರೆಂಡರ್ ಕರೆದರೆ ಏನಾಗುತ್ತದೆ ಗೊತ್ತೇ? ಹಳೆಯದರ ಪಕ್ಕದಲ್ಲಿ ಇನ್ನೊಂದು ಹೊಸ ಕಾಂಪೊನೆಂಟ್ ಹುಟ್ಟುತ್ತದೆ. ೩೧೨ ಇದೆಯೇ ಎಂದು ಕೇಳಿದರೆ ಪಕ್ಕದ ಹೊಸದರಲ್ಲಿ ಸಿಗುತ್ತದೆ. ಮತ್ತೆ ಹಸಿರು. ಮತ್ತೆ ಸುಳ್ಳು.

ವ್ಯೂ ಗೆಳೆಯರು ನಗಬೇಡಿ, ನಿಮ್ಮ ಮನೆಯಲ್ಲೂ ದೋಸೆ ತೂತೇ. ವ್ಯೂ ಟೆಸ್ಟ್ ಯುಟಿಲ್ಸ್‌ನಲ್ಲಿ ಸೆಟ್‌ಪ್ರಾಪ್ಸ್ ಇದೆ. ಅದನ್ನು ಕರೆದ ಕೂಡಲೇ ಪರದೆ ಬದಲಾಗುವುದಿಲ್ಲ, ವ್ಯೂ ತನ್ನ ಮುಂದಿನ ಸುತ್ತಿಗೆ ಕಾಯುತ್ತದೆ. ಹಾಗಾಗಿ ಮುಂದೆ ಅವೇಟ್ ಹಾಕಲೇಬೇಕು. ಮರೆತರೆ ನೀವು ಪರೀಕ್ಷಿಸುವುದು ಹಳೆಯ ಪರದೆಯನ್ನು. "ತಪ್ಪು ಸಂದೇಶ ಇರಬಾರದು" ಎಂಬಂಥ ಟೆಸ್ಟು ಆಗ ಸುಮ್ಮಸುಮ್ಮನೆ ಗೆದ್ದುಬಿಡುತ್ತದೆ, ಏಕೆಂದರೆ ಸಂದೇಶ ಬರುವ ಹೊತ್ತೇ ಆಗಿಲ್ಲ! ಇನ್ನೊಂದು, ಪ್ರಾಪ್ಸ್‌ ಅನ್ನು ಬಿಡಿಸಿ ಬೇರೆ ಬೇರೆ ಹೆಸರಿಗೆ ಹಾಕಿಕೊಂಡರೆ ಬದಲಾವಣೆಯ ನಂಟು ಕಡಿದುಹೋಗುತ್ತಿತ್ತು. ೨೦೨೪ರ ೩.೫ನೆಯ ಆವೃತ್ತಿಯಲ್ಲಿ ಅದು ಸರಿಹೋಯಿತು. ಹಳೆಯ ಆವೃತ್ತಿಯ ಮೇಲೆ ಕೆಲಸ ಮಾಡುವವರಿಗೆ ಅದು ಇವತ್ತಿಗೂ ಗುಂಡಿಯೇ.

ನಿಮ್ಮಲ್ಲಿ ಕೆಲವರ ಕೈಯಲ್ಲಿ ಇನ್ನೂ ಎನ್‌ಜೈಮ್ ಇರಬಹುದು. ಏರ್‌ಬಿಎನ್‌ಬಿ ೨೦೧೫ರಲ್ಲಿ ಕೊಟ್ಟದ್ದು. ಒಂದು ಕಾಲಕ್ಕೆ ಒಳ್ಳೆಯ ಕೆಲಸ ಮಾಡಿತು. ರಿಯಾಕ್ಟ್ ೧೭ಕ್ಕೆ ಅಧಿಕೃತ ಅಡಾಪ್ಟರ್ ಬರಲೇ ಇಲ್ಲ. ಅದರಲ್ಲಿ ಕಾಂಪೊನೆಂಟಿನ ಹೊಟ್ಟೆ ಬಗೆದು ಸ್ಟೇಟ್ ಏನಿದೆ ಎಂದು ನೋಡುವ ಅಭ್ಯಾಸವಿತ್ತು. ೨೦೧೮ರಲ್ಲಿ ಕೆಂಟ್ ಸಿ. ಡಾಡ್ಸ್ ಟೆಸ್ಟಿಂಗ್ ಲೈಬ್ರರಿ ತಂದಾಗ ಹಿಡಿದ ಹಟ ಬೇರೆ: ಬಳಸುವವರಿಗೆ ಕಾಣುವುದನ್ನೇ ಪರೀಕ್ಷಿಸಿ. ನನ್ನ ಮತ ಆ ಕಡೆಗೇ. ಸ್ಟೇಟ್‌ನಲ್ಲಿ ೩೧೨ ಇದ್ದು ಪರದೆಯಲ್ಲಿ ೪,೮೧೦ ಇದ್ದರೆ ಅಜ್ಜಿ ಸ್ಟೇಟ್ ನೋಡಿ ದುಡ್ಡು ಕಟ್ಟುತ್ತಾರೆಯೇ?

ಯಾವುದು ಅಳಿಯಬೇಕು, ಯಾವುದು ಉಳಿಯಬೇಕು?

ಈಗ ಮುಖ್ಯ ಮಾತು. ಸ್ವಲ್ಪ ಗಮನ ಕೊಡಿ.

ನಮ್ಮ ಬಿಲ್ಲಿನ ಕಾಂಪೊನೆಂಟಿಗೆ ಎರಡು ಪ್ರಾಪ್ ಇವೆ ಅಂದುಕೊಳ್ಳಿ. ಒಂದು ಆರ್.ಆರ್. ನಂಬರ್, ಇನ್ನೊಂದು ಭಾಷೆ. ಚೌಕದಲ್ಲಿ ಹುಡುಗ ೨೦೦ ಎಂದು ಒತ್ತಿದ್ದಾನೆ, ಅರ್ಧ ಕಟ್ಟುವುದಕ್ಕೆ. ಅಷ್ಟರಲ್ಲಿ ಆರ್.ಆರ್. ನಂಬರ್ ಬದಲಾಯಿತು. ಆ ೨೦೦ ಅಳಿಯಲೇಬೇಕು, ಬೇರೆಯವರ ದುಡ್ಡು. ಅದರ ಬದಲು ಅಜ್ಜಿ "ಕನ್ನಡದಲ್ಲಿ ತೋರಿಸಪ್ಪಾ" ಅಂದರು, ಹುಡುಗ ಭಾಷೆ ಬದಲಿಸಿದ ಅಂದುಕೊಳ್ಳಿ. ಆ ೨೦೦ ಉಳಿಯಲೇಬೇಕು! ಕನ್ನಡ ಕೇಳಿದ ತಪ್ಪಿಗೆ ಇಡೀ ಅರ್ಜಿಯನ್ನು ಮತ್ತೆ ಮೊದಲಿನಿಂದ ತುಂಬಬೇಕೇ? ಎಷ್ಟು ಕಡೆ ಹೀಗೆ ಆಗುವುದನ್ನು ನೀವೇ ಕಂಡಿಲ್ಲ? ಎರಡು ಸಲ ಹಾಗಾದರೆ ಮೂರನೆಯ ಸಲ ಜನ ಕನ್ನಡದ ಗುಂಡಿ ಒತ್ತುವುದನ್ನೇ ಬಿಡುತ್ತಾರೆ. ಆಮೇಲೆ ಯಾರೋ ಲೆಕ್ಕ ತೆಗೆದು "ಕನ್ನಡ ಬಳಸುವವರೇ ಇಲ್ಲ" ಎನ್ನುತ್ತಾರೆ.

ಒಂದೇ ಕಾಂಪೊನೆಂಟ್. ಒಂದು ಪ್ರಾಪ್ ಬದಲಾದರೆ ಅಳಿಸಬೇಕು, ಇನ್ನೊಂದು ಬದಲಾದರೆ ಉಳಿಸಬೇಕು. ಈ ಕರಾರನ್ನು ಯಾವ ಲೈಬ್ರರಿಯೂ ನಿಮಗಾಗಿ ಊಹಿಸಲಾರದು. ಬರೆದಿಡುವ ಜಾಗ ಟೆಸ್ಟು.

ಅಳಿಸುವುದಕ್ಕೆ ರಿಯಾಕ್ಟ್‌ನಲ್ಲಿ ಸುಲಭದ ದಾರಿ ಕೀ. ಆರ್.ಆರ್. ನಂಬರನ್ನೇ ಕೀ ಆಗಿ ಕೊಟ್ಟರೆ ನಂಬರ್ ಬದಲಾದಾಗ ಹಳೆಯ ಕಾಂಪೊನೆಂಟ್ ಸತ್ತು ಹೊಸದು ಹುಟ್ಟುತ್ತದೆ, ನಕಲಿನ ಮೊತ್ತವೂ ಹೊಸದಾಗುತ್ತದೆ. ಆದರೆ ಅವಸರದ ಒಬ್ಬರು ಭಾಷೆಯನ್ನೂ ಆ ಕೀಯೊಳಗೆ ತುರುಕಿದರು ಎನ್ನಿ. ಅನುವಾದವೆಲ್ಲ ಚೆನ್ನಾಗಿ ಬದಲಾಗುತ್ತದೆ, ಡೆಮೊ ದಿನ ಚಪ್ಪಾಳೆ ಬೀಳುತ್ತದೆ, ತುಂಬಿದ ಅರ್ಜಿ ಮಾಯ! ಇದನ್ನು ಹಿಡಿಯಬೇಕಾದರೆ ಟೆಸ್ಟಿನಲ್ಲಿ ಮೊದಲು ಏನಾದರೂ ಟೈಪ್ ಮಾಡಿಸಿ, ಆಮೇಲೆ ಭಾಷೆ ಬದಲಿಸಿ, ಟೈಪ್ ಮಾಡಿದ್ದು ಇದೆಯೇ ಎಂದು ಕೇಳಬೇಕು. ಖಾಲಿ ಅರ್ಜಿಯ ಮೇಲೆ ಭಾಷೆ ಬದಲಿಸಿ ನೋಡಿದರೆ ಯಾವ ಕಳ್ಳನೂ ಸಿಗುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕೀ ಇರುವುದು ಮೇಲಿನ ಕಾಂಪೊನೆಂಟಿನಲ್ಲಿ. ಬರೀ ಚೌಕವನ್ನು ರೆಂಡರ್ ಮಾಡಿ ಟೆಸ್ಟ್ ಬರೆದರೆ ಕೀ ಆ ಟೆಸ್ಟಿನಲ್ಲಿ ಇರುವುದೇ ಇಲ್ಲ. ಇಂಥ ಕಡೆ ಮೇಲಿನದನ್ನು ರೆಂಡರ್ ಮಾಡಿ, ಅದರ ಪ್ರಾಪ್ ಬದಲಿಸಿ ನೋಡಿ. "ಯೂನಿಟ್ ಅಂದರೆ ಒಂದೇ ಕಾಂಪೊನೆಂಟ್" ಎಂದು ಯಾರಾದರೂ ವಾದ ಹೂಡಿದರೆ ವಾದ ಅವರೇ ಗೆಲ್ಲಲಿ ಬಿಡಿ, ಟೆಸ್ಟ್ ನೀವು ಬರೆಯಿರಿ.

ಅರ್ಧ ಕನ್ನಡ ಪರದೆಗಳು

ಭಾಷೆಯೂ ಒಂದು ಪ್ರಾಪ್ ಎಂದೆ. ಕನ್ನಡಕ್ಕೆ ತಿರುಗಿಸಿದ ಮೇಲೂ ಅಲ್ಲಲ್ಲಿ ಇಂಗ್ಲಿಷು ಉಳಿದ ಪರದೆ ನೋಡಿದ್ದೀರಲ್ಲ? ಎಲ್ಲ ಕಡೆಯೂ ಅನುವಾದ ಮಾಡದ ಸೋಮಾರಿತನವಲ್ಲ ಅದು. ಎಷ್ಟೋ ಕಡೆ ಅನುವಾದ ಫೈಲಿನಲ್ಲಿ ಸಿದ್ಧವಾಗಿ ಕುಳಿತಿರುತ್ತದೆ, ಕಾಂಪೊನೆಂಟಿಗೆ ಬದಲಾದದ್ದೇ ಗೊತ್ತಾಗಿರುವುದಿಲ್ಲ. ದಿನಾಂಕ, ಮೊತ್ತ ಬರೆಯುವ ಫಾರ್ಮ್ಯಾಟರನ್ನು ಯೂಸ್‌ಮೆಮೊದೊಳಗೆ ಕಟ್ಟಿಟ್ಟು, ಅವಲಂಬನೆಯ ಪಟ್ಟಿಯಲ್ಲಿ ಭಾಷೆಯನ್ನು ಬರೆಯಲು ಮರೆತರೆ ಮುಗಿಯಿತು. ಸುತ್ತಲೂ ಕನ್ನಡ, ನಡುವೆ ಇಂಗ್ಲಿಷ್ ತಿಂಗಳ ಹೆಸರು!

ಕಣ್ಣಿಗೆ ಕಾಣದ್ದು ಇನ್ನೂ ಕೆಟ್ಟದ್ದು. ಪುಟದ ಭಾಷೆ ಯಾವುದೆಂದು ಹೇಳುವ ಲ್ಯಾಂಗ್ ಎಂಬ ಗುರುತು ಎಚ್‌ಟಿಎಂಎಲ್‌ನಲ್ಲಿದೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಯಾವ ದನಿಯಲ್ಲಿ ಓದಬೇಕೆಂದು ತಿಳಿಯಲು ನೋಡುವುದು ಅದನ್ನೇ. ಆ ಗುರುತನ್ನು ಹಾಕುವ ಯೂಸ್‌ಎಫೆಕ್ಟ್‌ಗೆ ಖಾಲಿ ಪಟ್ಟಿ ಕೊಟ್ಟರೆ ಅದು ಒಂದೇ ಸಲ ಓಡಿ ಮಲಗುತ್ತದೆ. ಪುಟವೆಲ್ಲ ಕನ್ನಡವಾದರೂ ಗುರುತು ಇಂಗ್ಲಿಷ್ ಆಗಿಯೇ ಉಳಿಯುತ್ತದೆ. ಒಂದೇ ಸಾಲಿನ ಟೆಸ್ಟು ಇದನ್ನು ಹಿಡಿಯುತ್ತದೆ: ಭಾಷೆ ಬದಲಿಸಿ, ಗುರುತು ಬದಲಾಯಿತೇ ಕೇಳಿ.

ಇನ್ನು ಎಣಿಕೆ. ಜಗತ್ತಿನ ಭಾಷೆಗಳ ಏಕವಚನ ಬಹುವಚನದ ನಿಯಮಗಳನ್ನು ಯೂನಿಕೋಡ್‌ನ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಇಟ್ಟಿದ್ದಾರೆ. ಬ್ರೌಸರಿನ ಇಂಟಲ್ ಪ್ಲೂರಲ್‌ರೂಲ್ಸ್ ಬಳಸುವುದು ಅವನ್ನೇ. ಇಂಗ್ಲಿಷಿನಲ್ಲಿ ೧ ಮಾತ್ರ "ಒಂದು" ಗುಂಪಿಗೆ ಸೇರುತ್ತದೆ, ಸೊನ್ನೆ "ಇತರ" ಗುಂಪಿಗೆ. ಕನ್ನಡದ ನಿಯಮದಲ್ಲಿ ಸೊನ್ನೆಯೂ ೧ರ ಜೊತೆ "ಒಂದು" ಗುಂಪಿನಲ್ಲೇ ಇದೆ. ಈಗ ಅನುವಾದ ಮಾಡಿದವರು ಆ ಗುಂಪಿಗೆ "ಒಂದು ಬಿಲ್ ಬಾಕಿ ಇದೆ" ಎಂದು ಅಕ್ಷರದಲ್ಲೇ ಬರೆದಿಟ್ಟರೆ? ಬಾಕಿ ಸೊನ್ನೆ ಇದ್ದವರಿಗೂ ಒಂದು ಬಿಲ್ ಬಾಕಿ! ಇಂಗ್ಲಿಷಿನಲ್ಲಿ ಸರಿ, ಕನ್ನಡದಲ್ಲಿ ಮಾತ್ರ ಸುಳ್ಳು. ಅಂಕಿಯನ್ನು ಅಕ್ಷರದಲ್ಲಿ ಬರೆಯದೆ ಎಣಿಕೆಯಿಂದಲೇ ತುಂಬಿಸಿ. ಟೆಸ್ಟಿನಲ್ಲಿ ಎಣಿಕೆಯನ್ನು ೨, ೧, ೦ ಎಂದು ಇಳಿಸುತ್ತಾ ಬನ್ನಿ, ಪ್ರತಿಯೊಂದರಲ್ಲೂ ಭಾಷೆ ಬದಲಿಸಿ. ಮೊದಲ ರೆಂಡರ್ ಆದ ಮೇಲೆ ಐದು ಸಲ ರೀರೆಂಡರ್, ಅಷ್ಟೇ ಕೆಲಸ. ನೋಡ್ ೧೩ಕ್ಕಿಂತ ಹಳೆಯದಾಗಿದ್ದರೆ ಈ ಟೆಸ್ಟನ್ನು ನಂಬಬೇಡಿ. ಎಲ್ಲ ಭಾಷೆಗಳ ಮಾಹಿತಿ ಅದರೊಳಗೆ ತಾನಾಗಿ ಬರತೊಡಗಿದ್ದು ೨೦೧೯ರ ಆ ಆವೃತ್ತಿಯಿಂದ.

ಹೆಸರುಗಳೂ ಅಷ್ಟೆ. ಟೆಸ್ಟಿನಲ್ಲಿ ಜಾನ್, ಸ್ಮಿತ್ ಎಂದೇ ತುಂಬಿಸುತ್ತೀರಿ. ಯಾರು ಆ ಸ್ಮಿತ್? ನಿಮ್ಮ ಓಣಿಯವರೇ? "ಕನ್ನಡ" ಎಂಬ ಪದವನ್ನು ನಾವು ಮೂರಕ್ಷರ ಎನ್ನುತ್ತೇವೆ, ಜಾವಾಸ್ಕ್ರಿಪ್ಟ್ ಅದನ್ನು ಐದು ಎಂದು ಎಣಿಸುತ್ತದೆ. ಒತ್ತಕ್ಷರದ ಹಲಂತವನ್ನೂ ಒತ್ತನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಉದ್ದದ ಹೆಸರನ್ನು ಮೂರಕ್ಕೆ ಕತ್ತರಿಸುವ ಕಾಂಪೊನೆಂಟಿಗೆ ಈ ಪದ ಕೊಟ್ಟರೆ ಉಳಿಯುವುದು "ಕನ್"! ಹೆಸರಿನ ಪ್ರಾಪ್ ಬದಲಿಸುವಾಗ ಒತ್ತಕ್ಷರವಿರುವ ಕನ್ನಡದ ಹೆಸರನ್ನೇ ಕೊಡಿ.

ತಡವಾಗಿ ಬಂದ ಉತ್ತರ

ಮೊತ್ತ ಸರ್ವರಿನಿಂದ ಬರುವುದಾದರೆ ಇನ್ನೊಂದು ಅಪಾಯವಿದೆ. ಗಿರಣಿಯ ನಂಬರಿಗೆ ಕೇಳಿದ್ದೀರಿ, ಉತ್ತರ ತಡವಾಗುತ್ತಿದೆ. ಅಷ್ಟರಲ್ಲಿ ಅಜ್ಜಿಯ ನಂಬರ್ ಬಂತು, ಅದರ ಉತ್ತರ ಬೇಗ ಬಂತು. ೩೧೨ ಎಂದು ತೋರಿತು. ಆಮೇಲೆ ಹಳೆಯ ಉತ್ತರ ಬಂದು ಅದರ ಮೇಲೆ ಕುಳಿತಿತು. ಮತ್ತೆ ೪,೮೧೦! ನಿಮ್ಮ ಆಫೀಸಿನ ವೇಗದ ಸಂಪರ್ಕದಲ್ಲಿ ಇದು ಕಾಣುವುದಿಲ್ಲ. ಸಿಗ್ನಲ್ ಬಂದು ಹೋಗಿ ಮಾಡುವ ಊರುಗಳಲ್ಲಿ ಕಾಣುತ್ತದೆ.

ಟೆಸ್ಟಿನಲ್ಲಿ ಇದನ್ನು ಆಗುಮಾಡಬಹುದು. ನಿಜವಾದ ಸರ್ವರ್ ಬೇಡ. ನೀವು ಹೇಳಿದಾಗ ಮಾತ್ರ ಉತ್ತರಿಸುವ ಎರಡು ಹುಸಿ ಉತ್ತರಗಳನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮೊದಲ ನಂಬರಿನಿಂದ ರೆಂಡರ್, ಎರಡನೆಯದಕ್ಕೆ ರೀರೆಂಡರ್. ಹೊಸದರ ಉತ್ತರವನ್ನು ಮೊದಲು ಬಿಡಿ, ೩೧೨ ಬರುವವರೆಗೆ ಕಾಯಿರಿ. ಆಮೇಲೆ ಹಳೆಯದನ್ನು ಬಿಡಿ. ಅದು ಪರದೆಗೆ ಇಳಿಯುವಷ್ಟು ಹೊತ್ತನ್ನು ಆ್ಯಕ್ಟ್ ಒಳಗೆ ಕೊಟ್ಟು, ಆಮೇಲೆಯೇ ನೋಡಿ. ಅವಸರದಲ್ಲಿ ನೋಡಿದರೆ ಇಲ್ಲೂ ಸುಳ್ಳು ಹಸಿರೇ. ಮದ್ದು ಸರಳ: ಎಫೆಕ್ಟಿನ ಕ್ಲೀನಪ್‌ನಲ್ಲಿ ಹಳೆಯ ಕೋರಿಕೆಯ ಉತ್ತರ ಇನ್ನು ಬೇಡ ಎಂದು ಗುರುತು ಹಾಕಿ, ಅಥವಾ ಅಬಾರ್ಟ್‌ಕಂಟ್ರೋಲರ್‌ನಿಂದ ಕೋರಿಕೆಯನ್ನೇ ರದ್ದುಮಾಡಿ.

ಬರೆದ ಟೆಸ್ಟು ನಿಜವಾದದ್ದೇ ಎಂದು ತಿಳಿಯುವುದು ಹೇಗೆ? ಮದ್ದನ್ನು ಒಂದು ಗಳಿಗೆ ತೆಗೆದು ಓಡಿಸಿ. ಕೆಂಪಾಗಬೇಕು. ಕೀ ತೆಗೆದರೂ, ಕ್ಲೀನಪ್ ತೆಗೆದರೂ, ಪಟ್ಟಿಯಿಂದ ಭಾಷೆ ತೆಗೆದರೂ ಹಸಿರಾಗಿಯೇ ನಿಂತರೆ ಆ ಟೆಸ್ಟು ಸಂಬಳ ತೆಗೆದುಕೊಂಡು ಮಲಗುವ ಕಾವಲುಗಾರ.

ಅರೇಗಳ ಬಗ್ಗೆ ಒಂದೇ ಮಾತು. ಅದೇ ಪಟ್ಟಿಯೊಳಗೆ ಹೊಸದೊಂದನ್ನು ತುರುಕಿ ಅದನ್ನೇ ಮತ್ತೆ ಪ್ರಾಪ್ ಆಗಿ ಕೊಟ್ಟರೆ, ಮೆಮೊ ಹಾಕಿದ ಕಾಂಪೊನೆಂಟ್ ಏನೂ ಬದಲಾಗಿಲ್ಲ ಎಂದೇ ತಿಳಿಯುತ್ತದೆ. ಅದು ನೋಡುವುದು ಪಟ್ಟಿ ಅದೇನಾ ಎಂದು, ಒಳಗೇನಿದೆ ಎಂದಲ್ಲ. ಟೆಸ್ಟಿನಲ್ಲಿ ಯಾವಾಗಲೂ ಹೊಸ ಪಟ್ಟಿ ಕಟ್ಟಿಯೇ ಕೊಡಿ.

ಕೊನೆಗೆ, ಈ ಟೆಸ್ಟುಗಳು ಮಾಡಲಾರದ ಒಂದು ಕೆಲಸ. ಇವು ಸಾಮಾನ್ಯವಾಗಿ ಓಡುವುದು ಜೆಎಸ್‌ಡಾಮ್ ಎಂಬ ಹುಸಿ ಬ್ರೌಸರಿನಲ್ಲಿ. ಅದಕ್ಕೆ ಅಗಲ ಎತ್ತರದ ಅರಿವಿಲ್ಲ, ಏನು ಅಳೆದರೂ ಸೊನ್ನೆ ಎನ್ನುತ್ತದೆ. ಇಂಗ್ಲಿಷಿನ "ಪೇ" ಎಂಬ ಗುಂಡಿ "ಹಣ ಪಾವತಿಸಿ" ಎಂದಾದಾಗ ಅಕ್ಷರ ಹೊರಗೆ ಚಾಚಿತೇ, ಒತ್ತಕ್ಷರದ ಕಾಲು ಕತ್ತರಿಸಿಹೋಯಿತೇ ಅದಕ್ಕೆ ತಿಳಿಯದು. ಬರಹದ ಅಗಲ ಗುಂಡಿಯ ಅಗಲಕ್ಕಿಂತ ಹೆಚ್ಚಿರಬಾರದು ಎಂದು ಅಲ್ಲಿ ಟೆಸ್ಟ್ ಬರೆದರೆ ಸೊನ್ನೆ ಸೊನ್ನೆಗಿಂತ ಹೆಚ್ಚಿಲ್ಲ ಎಂದು ಎಂದೆಂದೂ ಹಸಿರು. ಇದೊಂದನ್ನು ಪ್ಲೇರೈಟ್‌ನಂಥದ್ದರಲ್ಲಿ, ನಿಜವಾದ ಬ್ರೌಸರಿನಲ್ಲಿ ಓಡಿಸಿ. ಕಿಟಕಿಯ ಅಗಲವನ್ನು ಸಾಮಾನ್ಯ ಮೊಬೈಲಿನಂತೆ ೩೬೦ಕ್ಕೆ ಇಡಿ, ಚೌಕದಲ್ಲಿ ೨೦೦ ಒತ್ತಿ, ಭಾಷೆ ಬದಲಿಸಿ, ಆಮೇಲೆ ಅಳೆಯಿರಿ.